ನಲವತ್ತೆಂಟು ಜೇಬು

ಕೌಲ್ ಬಜಾರು, ತಗಡಿನ ಶೆಡ್ಡು, ಬೆಳಿಗ್ಗೆ ಎಂಟು.
ಕತ್ತರಿಸಿಟ್ಟ ಎರಡು ಡಜನ್ ಪ್ಯಾಂಟು,
ನಲವತ್ತೆಂಟು ಹಿಂಜೇಬು.
ಸಂಜೆ ಆರಕ್ಕೆ ಸೊಲ್ಲಾಪುರದ ಗಾಡಿ ಬಾಗಿಲಿಗೆ.
ಕರೆಂಟು ಹೋಗುವುದು ಹನ್ನೊಂದಕ್ಕೆ,
ಬರುವುದು ಅದರ ಮರ್ಜಿ.
ಎರಡು ಮಿಷನ್ನು: ಒಂದರ ಮುಂದೆ ನಾನು,
ಇನ್ನೊಂದರ ಮುಂದೆ ಎರ್ರಿಸ್ವಾಮಿ.

ನಾನಂದೆ, ಮೊದಲು ಜೇಬು ಅಷ್ಟೂ ಹೊಲಿದು ಬಿಸಾಕಾನ.
ಒಂದೇ ದಾರ, ಕೈಗೆ ಒಂದೇ ಓಟ,
ಗಾಣದೆತ್ತು ಎಲ್ಲಾದರೂ ದಾರಿ ಕೇಳೀತಾ?
ಅವನಂದ, ಬ್ಯಾಡಪ್ಪ, ಒಂದೊಂದೇ ಪೂರಾ ಮುಗಿಸಾನ.
ಕರೆಂಟು ಹೋದ್ರ ಹತ್ತಾದ್ರೂ ಪ್ಯಾಂಟು ಆಗಿರ್ತಾವು.
ನಿನ್ನ ಲೆಕ್ಕದಾಗ ಜೇಬು ರಾಶಿ ಬಿದ್ದಿರ್ತಾವು,
ಹಚ್ಚಾಕ ಒಂದು ಕುಂಡಿ ಇರಂಗಿಲ್ಲ.

ಮಾತು ಖರೆ. ಅದೇ ತೊಂದರೆ.
ಸುಳ್ಳಾಗಿದ್ದರೆ ಎಂಟೂಕಾಲಿಗೆ ಹೊಲಿಗೆ ಶುರುವಾಗುತ್ತಿತ್ತು.

ಸೀಮೆಸುಣ್ಣ ತಗೊಂಡು ಮೇಜಿನ ಮೇಲೆ ಗೀಟು ಹಾಕಿದೆ:
ಎಡಕ್ಕೆ ನನ್ನ ದಾರಿ, ಬಲಕ್ಕೆ ಅವನದು.
ಫೋನಿನಲ್ಲಿ ಗಡಿಯಾರ ಒತ್ತಿ
ನಮೂನೆಗೆಂದು ಒಂದು ಜೇಬು ಹೊಲಿದೆ,
ಮೂರು ನಿಮಿಷ ಹನ್ನೆರಡು ಸೆಕೆಂಡು.
ಬಾಬಿನ್ ತುಂಬೋದು ಹಿಡದೇನು? ಎಂದ ಅವನು. ಹಿಡಿದೆ.
ನೀಲಿ ದಾರ ಬಿಚ್ಚಿ ಇಟ್ಟಿಗೆ ಬಣ್ಣದ್ದು ಪೋಣಿಸೋದು? ಹಿಡಿದೆ.
ಸೂಜಿ ಮುರಿದ್ರ? ಎಷ್ಟು ಜೇಬಿಗೆ ಒಂದು ಸೂಜಿ ಮುರೀತತಿ?
ಅದಕ್ಕೊಂದು ಸರಾಸರಿ ಹುಡುಕಿದೆವು.
ಉಚ್ಚಿಗೆ ಎದ್ದು ಹೋಗೋದು?
ಅದನ್ನು ಇಬ್ಬರ ಖಾತೆಗೂ ಸಮ ಬರೆದೆವು.

ಒಂಬತ್ತೂವರೆಗೆ ಮೂರನೆಯ ದಾರಿಯೊಂದು ಹುಟ್ಟಿತು:
ಒಬ್ಬ ಹೊಲಿಯೋದು, ಒಬ್ಬ ಹಚ್ಚೋದು.
ಆದರೆ ಅವನ ಮಿಷನ್ನಿನ ಬೆಲ್ಟು ಸಡಿಲ.
ಬೆಲ್ಟು ಬಿಗಿ ಮಾಡಲು ಇಪ್ಪತ್ತು ನಿಮಿಷ,
ಮಾಡಿದರೆ ಉಳಿಯುವುದು ಎಷ್ಟು?
ಮೇಜಿನ ಮೇಲೆ ಜಾಗ ಮುಗಿದು
ಲೆಕ್ಕ ಗೋಡೆ ಹತ್ತಿತು.

ಮೂಲೆಯಲ್ಲಿ ಮಾಲನ್‌ಬೀ.
ಹೊಲಿದ ಪ್ಯಾಂಟಿನ ದಾರದ ಬಾಲ ಕತ್ತರಿಸುವುದು ಅವಳ ಕೆಲಸ,
ಪ್ಯಾಂಟಿಗೆ ಒಂದೂವರೆ ರೂಪಾಯಿ.
ನಿನ್ನೆಯದು ಒಂಬತ್ತಕ್ಕೇ ಮುಗಿದಿತ್ತು.
ಕತ್ತರಿ ಮಡಿಲಲ್ಲಿ ಕಚ್ ಕಚ್,
ಗಾಳಿ ಕತ್ತರಿಸುತ್ತ ಕೂತಿದ್ದಳು.
ಗಾಳಿಗೆ ಪೀಸ್ ರೇಟಿಲ್ಲ.

ಹತ್ತು ಐವತ್ತಕ್ಕೆ ತೀರ್ಪು ಬಂತು:
ಎರ್ರಿಸ್ವಾಮಿಯ ದಾರಿಗಿಂತ ನನ್ನದು
ದಿನಕ್ಕೆ ಒಂಬತ್ತು ನಿಮಿಷ ಹಗುರ.
ಗೆದ್ದೆ.
ಸೂಜಿಯ ಕೆಳಗೆ ಬಟ್ಟೆ ಇಟ್ಟೆ,
ಕಾಲು ಪೆಡಲಿಗೆ ಇಟ್ಟೆ,
ತಲೆಯ ಮೇಲಿನ ಫ್ಯಾನು ನಿಧಾನವಾಗುತ್ತ
ಮೂರು ರೆಕ್ಕೆ ಮೂರಾಗಿ ಕಾಣಿಸತೊಡಗಿದವು.
ಏಳು ನಿಮಿಷ ಮೊದಲೇ ಹೋಗಿತ್ತು,
ಅದಕ್ಕೂ ಯಾರೋ ಲೆಕ್ಕ ಹೇಳಿಕೊಟ್ಟಿರಬೇಕು.

ಆಗ ಮಾಲನ್‌ಬೀ ಎದ್ದು ಬಂದು
ಆ ನಮೂನೆ ಜೇಬು ಕೈಗೆತ್ತಿಕೊಂಡಳು.
ಅದರ ಎರಡು ಬಾಲ ಕತ್ತರಿಸಿ,
ಮಡಿಸಿ, ಮೇಜಿನ ಮೇಲಿಟ್ಟು ಕೇಳಿದಳು:
ಇದನ್ನ ಎಷ್ಟಂತ ಬರಕೊಳ್ಳಲಿ?

ಎರಡಕ್ಕೆ ಕರೆಂಟು ಬಂತು.
ಆಮೇಲೆ ಯಾರೂ ಯಾವ ದಾರಿಯನ್ನೂ ಕೇಳಲಿಲ್ಲ.
ಜೇಬು ಕೈಗೆ ಸಿಕ್ಕರೆ ಜೇಬು, ಕಾಲು ಸಿಕ್ಕರೆ ಕಾಲು.
ಆರಕ್ಕೆ ಹಾರ್ನು ಹೊಡೆದಾಗ ಹದಿಮೂರು ಆಗಿದ್ದವು.
ಮಡಿಸುವಾಗ ತಿರುಗಿಸಿ ತಿರುಗಿಸಿ ನೋಡಿದೆ,
ಯಾವುದು ನನ್ನ ದಾರಿಯದು, ಯಾವುದು ಅವನದು,
ಹೊಲಿದವನಿಗೇ ಗುರುತು ಹತ್ತಲಿಲ್ಲ.
ಉಳಿದ ಹನ್ನೊಂದರ ಕೂಲಿ ಹೋಯಿತು.
ಮಾಲನ್‌ಬೀಯದು ಹದಿನಾರೂವರೆ ರೂಪಾಯಿ.
ಈ ಲೆಕ್ಕ ಮಾಡಲು ಸೀಮೆಸುಣ್ಣ ಬೇಕಾಗಲಿಲ್ಲ.

ಹೊರಗೆ ಬಂದೆವು. ಹೊಟ್ಟೆ ಹಸಿದಿತ್ತು.
ಒಗ್ಗರಣೆ ಮಿರ್ಚಿಯ ಬಂಡಿ ಹಳಿಯಾಚೆ.
ಗೇಟು ಬಿದ್ದಿತ್ತು, ಅದಿರಿನ ಗೂಡ್ಸು
ಕೆಂಪು ದೂಳು ಉದುರಿಸುತ್ತ ಹೊರಟಿತ್ತು.
ಕಾಯೋದೋ, ಸುತ್ತು ಹಾಕೋದೋ? ಎಂದ ಎರ್ರಿಸ್ವಾಮಿ.
ಡಬ್ಬಿ ಎಣಿಸು, ಹೇಳ್ತೀನಿ, ಎಂದೆ.

ಅವನಿಗೆ ಐವತ್ತೆಂಟು ಬಂದವು, ನನಗೆ ಐವತ್ತೊಂಬತ್ತು.
ಗಾರ್ಡಿನ ಡಬ್ಬಿ ಲೆಕ್ಕಕ್ಕೆ ಬರತತೋ ಇಲ್ಲೋ
ಎಂದು ನಿಂತಲ್ಲೇ ಶುರುವಾಯಿತು.
ಹಿಂದಿನಿಂದ ಆಟೋದವನು ಬೈದಾಗ ನೋಡಿದೆವು,
ಗೇಟು ಎದ್ದು ಎಷ್ಟೋ ಹೊತ್ತಾಗಿತ್ತು.